ಕಟಕಟೆಯಲ್ಲಿ ಚಿಕ್ಕಮಾವ

ಗುಲು ಪಟ್ಟಣದ ನ್ಯಾಯಾಲಯದಲ್ಲಿ ಲನ್ಯೆರೊ ಹನ್ನೊಂದು ವರ್ಷ ಆರೋಪಿಗಳ ಪರ ವಾದಿಸಿದ್ದಳು. ಆಡು ಕದ್ದವರು, ಹೊಲದ ಗಡಿಜಗಳದಲ್ಲಿ ಮಚ್ಚು ಎತ್ತಿದವರು. ಬಂಡುಕೋರರು ಎಂಟನೇ ವಯಸ್ಸಿಗೇ ಹೊತ್ತೊಯ್ದು ಬಂದೂಕು ಕೊಟ್ಟ ನಮ್ಮ ಹುಡುಗರು ದೂರದ ಯುದ್ಧಾಪರಾಧಗಳ ನ್ಯಾಯಾಲಯದಲ್ಲಿ ನಿಂತಾಗ, ಅವರ ಮಾತು ಬಲ್ಲವಳಾಗಿ ತಾನು ಪಕ್ಕದಲ್ಲಿರಬೇಕೆಂಬುದು ಅವಳ ಹಟ. ಅದಕ್ಕೆಂದೇ ಹೋಟೆಲಿನ ಸಭಾಂಗಣದಲ್ಲಿ ಮೂರು ವಾರದ ತರಬೇತಿ ನಡೆಯಿತು. ಹದಿನಾಲ್ಕು ಮಂದಿ ವಕೀಲರಲ್ಲಿ ಒಬ್ಬರನ್ನು ಮಾತ್ರ ಆರಿಸಿ ಅಲ್ಲಿಗೆ ಕಳಿಸುವವರಿದ್ದರು.

ಬೆಳಗಿನ ಐದಕ್ಕೆ ಬೋರ್‌ವೆಲ್ ಸಾಲಿನಲ್ಲಿ ಡಬ್ಬಿ ಇಟ್ಟು, ಸರದಿ ಬರುವವರೆಗೆ ಕಡತ ಓದುತ್ತಿದ್ದಳು.

"ಏನಮ್ಮ ವಕೀಲಮ್ಮ, ನಮ್ ಜನದ ತುಟಿ ಕುಯ್ದ ಬಂಡುಕೋರರನ್ನ ಬಿಡಿಸೋಕೆ ವಿಮಾನ ಹತ್ತೀಯಂತೆ?" ಎಂದಳು ನೆರೆಯ ಅಟಿಮ್.

"ಮೊದ್ಲು ಈ ಡಬ್ಬಿ ತಲೆ ಮೇಲೆ ಹತ್ತಿಸು, ಆಮೇಲೆ ವಿಮಾನ."

ಮನೆಗೆ ಬಂದು ಶೇಂಗಾ ಅರೆದು, ಸೊಪ್ಪು ಬೇಯಿಸಿ, ರಾಗಿಮುದ್ದೆ ತಿರುವಿ ಹೊರಡಬೇಕು. ಗಂಡ ಒಡೋಕಿ ಶಾಲಾಮಾಸ್ತರ. ಉಪ್ಪು ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿದ್ದರೂ, "ಉಪ್ಪೆಲ್ಲೇ?" ಎನ್ನುತ್ತಿದ್ದ.

ತರಬೇತಿ ಕೊಡಲು ಬಂದಿದ್ದ ಡಚ್ ವಕೀಲೆ ಮರೈಕೆ ಒಂದು ನಿಯಮವನ್ನು ದಿನವೂ ಹೇಳುತ್ತಿದ್ದಳು. "ಸಾಕ್ಷಿ ಸುಳ್ಳು ಹೇಳ್ತಿದ್ರೆ ಅವನ ಮುಖಕ್ಕೇ ಅದನ್ನ ಹೇಳ್ಬೇಕು. ಹೇಳ್ಲಿಲ್ವೋ, ನೀವು ಒಪ್ಪಿಕೊಂಡ ಹಾಗೆ." ಲನ್ಯೆರೊಗೆ ಅದು ಹೊಸದೇನಲ್ಲ. ಕಟಕಟೆಯಲ್ಲಿ ನಿಂತ ಪೊಲೀಸರಿಗೆ ಎಷ್ಟು ಸಲ ಹಾಗೆ ಹೇಳಿದ್ದಳೋ.

ಕೊನೆಯ ದಿನ ಅಣಕು ವಿಚಾರಣೆ. ನಿಜದಂತಿರಲೆಂದು ಪಟ್ಟಣದ ಹಿರಿಯರನ್ನೇ ಸಾಕ್ಷಿಗಳಾಗಿ ಕರೆಸಿದ್ದರು. ಲನ್ಯೆರೊಳ ಸರದಿಗೆ ಹ್ಯಾಟು ತೆಗೆದು ಕುರ್ಚಿಯಲ್ಲಿ ಕೂತವರು ಲಟಿಗೊ. ಅವಳ ಮಾವನ ತಮ್ಮ, ಕುಲದ ಮುಖ್ಯಸ್ಥ.

"ಇವ್ರು ನಮ್ಮ ಚಿಕ್ಕಮಾವ. ಬೇರೆ ಸಾಕ್ಷಿ ಕೊಡಿ."

"ಅಲ್ಲಿ ಸಾಕ್ಷಿನ ನೀವೇ ಆರಿಸ್ಕೊಳ್ಳೋಕೆ ಬಿಡ್ತಾರಾ? ಶುರು ಮಾಡಿ," ಎಂದಳು ಮರೈಕೆ.

ಘಟನೆ ನಡೆದ ಜಾಗದ ನಕ್ಷೆ ಕೊಡಲು ಲನ್ಯೆರೊ ಹತ್ತಿರ ಹೋದಳು. ಹಿರಿಯರ ಕೈಗೆ ಏನು ಕೊಡುವಾಗಲೂ ನಮ್ಮ ಹೆಂಗಸರು ಮಂಡಿಯೂರುತ್ತಾರೆ. ಅವಳ ಮಂಡಿ ತಾನಾಗಿಯೇ ನೆಲ ಮುಟ್ಟಿತು.

"ಚೆನ್ನಾಗಿದ್ದೀಯಾ ಮಗಳೇ?"

"ಚೆನ್ನಾಗಿದ್ದೀನಿ ಮಾವಯ್ಯ."

ಸಭಾಂಗಣ ಗೊಳ್ಳೆಂದಿತು. ಎದ್ದು ನಿಂತು ಪ್ರಶ್ನೆ ಕೇಳಿದಳು. ಎಲ್ಲಿದ್ದಿರಿ? ಎಷ್ಟು ದೂರ? ನಡುವೆ ಗುಡ್ಡವಿತ್ತಲ್ಲವೇ? ಆರೋಪಿ ಗುಡಿಸಲಿಗೆ ಬೆಂಕಿ ಇಟ್ಟದ್ದನ್ನು ಕಣ್ಣಾರೆ ಕಂಡೆ ಎಂದರು ಲಟಿಗೊ. ನಕ್ಷೆಯ ಪ್ರಕಾರ ಅದು ಸಾಧ್ಯವೇ ಇರಲಿಲ್ಲ. ಒಂದೇ ಒಂದು ವಾಕ್ಯ ಉಳಿದಿತ್ತು.

"ಮಾವಯ್ಯ, ತಮಗೆ ಸರಿಯಾಗಿ ನೆನಪಿರ್ಲಿಕ್ಕಿಲ್ಲ..."

"ನಂಗೆ ಮರೆವು ಅಂತೀಯಾ?"

"ಇಲ್ಲ, ಮಾವಯ್ಯ."

ಹೋಗಿ ಕೂತಳು. ಸಮಯ ಮುಗಿದ ಗಂಟೆ ಹೊಡೆದದ್ದು ಆಮೇಲೆ.

ಮೂರು ವಾರವೂ ಅವಳ ಟಿಪ್ಪಣಿ ನಕಲು ಮಾಡಿದ್ದ ಒಕೆಮನನ್ನು ಆರಿಸಿದರು. ಇನ್ನು ಮುಂದೆ ಇಂಥ ತರಬೇತಿ ಇರುವುದಿಲ್ಲ ಎಂದೂ ತಿಳಿಸಿದರು.

ಭಾನುವಾರ ಲಟಿಗೊ ಆರು ಜನರೊಡನೆ ಊಟಕ್ಕೆ ಬಂದರು. "ಕರಿಕೋಟು ಹಾಕಿದ್ರೂ ಸೊಸೆತನ ಬಿಟ್ಟಿಲ್ಲ ಇವಳು!" ಎಂದರು. ಒಡೋಕಿ ಬೀಗಿದ.

ಲನ್ಯೆರೊ ಕೈತೊಳೆಯುವ ನೀರು ಹಿಡಿದು ಬಂದಳು. "ಮಾವಯ್ಯ, ಅವತ್ತು ನೀವು ಹೇಳಿದ್ದು ಸುಳ್ಳು."

ಲಟಿಗೊ ಅಚ್ಚರಿಯಿಂದ ನೋಡಿದರು. "ಸುಳ್ಳೇ ಮತ್ತೆ! ಯಾರೋ ಬರ್ಕೊಟ್ಟಿದ್ದು. ನೀನು ಹಾಗಂದಿದ್ರೆ ನಾನೇನು ಬೇಜಾರು ಮಾಡ್ಕೊಳ್ತಿದ್ನಾ? ಹುಚ್ಚಿ."

ಅವರ ಎರಡು ಕೈಗಳೂ ಮುಂದೆ ಚಾಚಿದ್ದವು. ಅವರ ಹಿಂದೆ ಇನ್ನೂ ಆರು ಜನ ಕಾಯುತ್ತಿದ್ದರು. ಅವಳು ನೀರು ಹೊಯ್ದಳು.