ನೆಗೆಣ್ಣಿಯ ಉಡಿಗೆ ಬಿದ್ದ ಪೆಟ್ಟಿಗೆ

ಆ ದಿನ ಬೆಳಿಗ್ಗೆಯೂ ಎಲ್ಲ ದಿನಗಳಂತೆ ಹಾಲಿನಿಂದಲೇ ಶುರುವಾಯಿತು. ಹಾಲು ಉಕ್ಕುವ ಮುಂಚೆ ಒಲೆ ಸಣ್ಣ ಮಾಡಿದೆ, ಅಂಗಳಕ್ಕೆ ನೀರು ಹೊಡೆದೆ, ರಂಗೋಲಿ ಹಾಕಿ ಒಳಗೆ ಬಂದು ಹಿಟ್ಟು ನಾದಿದೆ. ನಮ್ಮ ಮನೆಯವರು ಏಳುವುದು ರೊಟ್ಟಿ ಬಡಿಯುವ ಸದ್ದಿಗೆ. ಅವರ ಡಬ್ಬಿ ಕಟ್ಟಿ, ಶೇಂಗಾ ಚಟ್ನಿಯನ್ನು ಬೇರೆ ಕಟ್ಟಿಟ್ಟು, ಒಣಬಟ್ಟೆ ಹಿಡಿದು ನನ್ನ ಅಲಮಾರಿಯ ಮುಂದೆ ನಿಂತೆ.

ಯಲಬುರ್ಗಾದ ನಮ್ಮ ಮನೆಯ ಪಡಸಾಲೆಯಲ್ಲಿರುವ ಆ ಗಾಜಿನ ಬಾಗಿಲಿನ ಅಲಮಾರಿಯಲ್ಲಿ ಬೆಳ್ಳಿ ಲೋಟಗಳಿಲ್ಲ, ಬಾರ್ಬಿ ಗೊಂಬೆಗಳಿಲ್ಲ. ಕನ್ನಡಿ ಸೀಳಿದ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕ, ಔಷಧ ತೂಗುವ ಅಂಗೈಯಗಲದ ತಕ್ಕಡಿ, ಬಸುರಿಯ ಹೊಟ್ಟೆಗಿಟ್ಟು ಕೂಸಿನ ಎದೆಬಡಿತ ಕೇಳುತ್ತಿದ್ದ ಕಟ್ಟಿಗೆಯ ತುತ್ತೂರಿ, ಕಣ್ಣು ತೊಳೆಯುವ ನೀಲಿ ಗಾಜಿನ ಬಟ್ಟಲು. ಕೆಲವು ಗಂಗಾವತಿಯ ಗುಜರಿ ಅಂಗಡಿಯಲ್ಲಿ ಸಿಕ್ಕವು, ಕೆಲವು ಕುಷ್ಟಗಿಯ ಸಂತೆಯಲ್ಲಿ, ಕೆಲವು ಮುಚ್ಚಿಹೋದ ದವಾಖಾನೆಗಳ ಅಟ್ಟದ ಮೇಲೆ. ಮನೆಯವರು ಇವನ್ನು ನನ್ನ ಗುಜರಿ ಎನ್ನುತ್ತಾರೆ. ಆದರೂ ನೆಂಟರು ಬಂದರೆ ತಾವೇ ಮುಂದೆ ನಿಂತು ತೋರಿಸುತ್ತಾರೆ.

ಮೇಲಿನ ಅರೆಯಲ್ಲಿ ಒಂದು ಜಾಗವನ್ನು ಖಾಲಿ ಬಿಟ್ಟಿದ್ದೆ. ಅದು ತಳಕಲ್ಲಿನ ಪೆಟ್ಟಿಗೆಯ ಜಾಗ.

ತಳಕಲ್ಲಿನಲ್ಲಿ ಮೊದಲು ಒಬ್ಬ ಕಣ್ಣಿನ ಡಾಕ್ಟರಿದ್ದರು. ಅವರು ಚಸ್ಮಾದ ನಂಬರು ನೋಡುತ್ತಿದ್ದ ಮರದ ಪೆಟ್ಟಿಗೆ ಅವರ ಮನೆಯಲ್ಲಿ ಇನ್ನೂ ಇತ್ತು. ಒಳಗೆ ನೇರಳೆ ಮಖಮಲ್ಲಿನ ಸೀಳುಗಳಲ್ಲಿ ದುಂಡನೆಯ ಗಾಜುಗಳು, ಪ್ರತಿಯೊಂದಕ್ಕೂ ಲೋಹದ ಬಳೆ, ಬಳೆಗೊಂದು ಸಣ್ಣ ಹಿಡಿಕೆ, ಹಿಡಿಕೆಯ ಮೇಲೆ ಇರುವೆಯಷ್ಟು ಅಂಕಿ. ಮಧ್ಯದಲ್ಲಿ ಗಾಜು ಬದಲಿಸಿ ಬದಲಿಸಿ ಹಾಕುವ ಭಾರದ ಚೌಕಟ್ಟು. ಅದರ ಮೂಗಿನ ಮೇಲೆ ಕೂರುವ ಭಾಗಕ್ಕೆ ಕೆಂಪು ದಾರ ಸುತ್ತಿತ್ತು.

ಆ ಕೆಂಪು ದಾರ ನನಗೆ ಗೊತ್ತು. ನಾನು ಕಾನ್ವೆಂಟಿನಲ್ಲಿ ಓದುವಾಗ, ಈ ಹುಡುಗಿ ಹಲಗೆಯ ಮೇಲಿನದ್ದನ್ನು ಪಕ್ಕದವಳನ್ನು ನೋಡಿ ಬರೆಯುತ್ತಾಳೆಂದು ಸಿಸ್ಟರ್ ದೂರು ಹೇಳಿ ಕಳಿಸಿದ್ದರು. ರಜೆಯಲ್ಲಿ ತವರೂರು ಬೇವೂರಿನಿಂದ ಅಪ್ಪ ನನ್ನನ್ನು ತಳಕಲ್ಲಿಗೆ ಕರೆದೊಯ್ದರು. ಚೌಕಟ್ಟು ಮೂಗಿಗೆ ಒತ್ತುತ್ತದೆಂದು ನಾನು ಅತ್ತೆ. ಡಾಕ್ಟರು ಒಳಗಿನಿಂದ ದಾರ ತರಿಸಿ ಸುತ್ತಿದರು. ಆಮೇಲೆ ಒಂದೊಂದೇ ಗಾಜು ಬದಲಿಸುತ್ತ ಹೋದರು. ಯಾವುದೋ ಒಂದು ಗಾಜಿಗೆ, ಅಂಗಳದ ಬೇವಿನ ಮರ ಎಲೆ ಎಲೆಯಾಗಿ ಬಿಡಿಸಿಕೊಂಡಿತು. ಅಲ್ಲಿಯತನಕ ಮರವೆಂದರೆ ಒಂದು ಹಸಿರು ಮುದ್ದೆ ಎಂದೇ ನಾನು ತಿಳಿದಿದ್ದೆ.

ಇದನ್ನು ನಾನು ಆ ಮನೆಯವರಿಗೆ ಹೇಳಿರಲಿಲ್ಲ. ಪೆಟ್ಟಿಗೆ ನೋಡಿದ ಮೊದಲ ದಿನ ಡಾಕ್ಟರ ಸೊಸೆ ನನಗೆ ಉಡಿ ತುಂಬಿ, ಕುಬಸದ ಕಣ ಕೊಟ್ಟು ಕಳಿಸಿದ್ದರು. ಆಮೇಲೆ ಹೋದಾಗಲೆಲ್ಲ ನಾನು ಕುರ್ಚಿಯ ತುದಿಗೆ ಕೂತು, “ನಿಮಗ ತೊಂದರಿ ಇಲ್ಲಂದ್ರ, ಏನ ಬೆಲಿ ಹೇಳ್ತೀರಿ ಹೇಳ್ರಿ” ಎನ್ನುತ್ತಿದ್ದೆ. ಅವರು “ನೋಡೂಣ್ರಿ” ಎನ್ನುತ್ತಿದ್ದರು. ಹಿಂದಿನ ದಿನ ಅವರೇ ಫೋನು ಮಾಡಿದ್ದರು. “ಮನಿ ರಿಪೇರಿ ನಡದೈತ್ರಿ. ಬಂದು ಪೆಟ್ಟಿಗಿ ಒಯ್ರಿ.”

ಸಂತೋಷ ತಡೆಯದೆ ಅದನ್ನು ಮನೆಮಂದಿಯ ವಾಟ್ಸಾಪಿನಲ್ಲಿ ಹಾಕಿಬಿಟ್ಟೆ. ಕೂಡಲೇ ಕೊಪ್ಪಳದಿಂದ ನನ್ನ ನೆಗೆಣ್ಣಿಯ ಫೋನು. ನೆಗೆಣ್ಣಿ ಎಂದರೆ ಮೈದುನನ ಹೆಂಡತಿ.

“ಅಕ್ಕಾರ, ಬಸ್ಸಿಗ್ಯಾಕ ಹೋಗ್ತೀರಿ? ನಾ ಕಾರ್ ತರ್ತೀನಿ. ನಾನೂ ನೋಡಿದಂಗ ಆಕ್ಕೈತಿ.”

ನನ್ನ ಅಲಮಾರಿ ನೋಡಿಯೇ ಅವಳಿಗೂ ಈ ಹುಚ್ಚು ಹಿಡಿದದ್ದು. ಅವಳ ಮನೆಯಲ್ಲಿ ಈಗ ನನ್ನದಕ್ಕಿಂತ ದೊಡ್ಡ ಅಲಮಾರಿ ಇದೆ, ಒಳಗೆ ದೀಪಗಳಿವೆ. ಹಳೆಯ ಹಿತ್ತಾಳೆಯನ್ನು ಒಣಬಟ್ಟೆಯಲ್ಲಿ ಮಾತ್ರ ಒರೆಸಬೇಕೆಂದು ನಾನು ಎಷ್ಟು ಹೇಳಿದರೂ ಕೇಳದೆ, ಅವಳು ತನ್ನ ಹಿತ್ತಾಳೆಯ ದೂರದರ್ಶಕವನ್ನು ಹುಣಸೆಹಣ್ಣು ಹಾಕಿ ದೇವರ ದೀಪದ ಸಮೆಯಂತೆ ತಿಕ್ಕಿದ್ದಳು. ಕೊರೆದ ಅಕ್ಷರಗಳ ಕಪ್ಪು ತೊಳೆದುಹೋಗಿತ್ತು. ಬಂದವರೆಲ್ಲ “ಬಂಗಾರ ಇದ್ದಂಗ ಐತಿ” ಎಂದರು. ನಮ್ಮ ಮನೆಯವರೂ ಅಂದರು. ಆ ರಾತ್ರಿ ಅವರ ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಅವಳಿಗೆ ಇನ್ನೂ ಚಾಳೀಸು ಕೂಡ ಬಂದಿಲ್ಲ ಎಂಬುದನ್ನೂ ಇಲ್ಲೇ ಬರೆದುಬಿಡುತ್ತೇನೆ. ಸೂಜಿಗೆ ದಾರವನ್ನು ಮಾತಾಡುತ್ತಲೇ ಪೋಣಿಸುತ್ತಾಳೆ.

ಕಾರು ಬಂತು, ಡ್ರೈವರ್ ಸಮೇತ. ಅವಳು ಇಳಕಲ್ ಸೀರೆ ಉಟ್ಟು, ದಂಡೆ ಮುಡಿದು ಬಂದಿದ್ದಳು. ನಾನು ಬಸ್ಸಿಗೆಂದು ಉಟ್ಟ ವಾಯಿಲ್ ಸೀರೆಯಲ್ಲೇ ಹತ್ತಿದೆ. ದಾರಿಯಲ್ಲಿ ಎರೆ ಹೊಲದ ಕಡಲೆಯನ್ನು ತೋರಿಸಿ “ಎಷ್ಟ ಛಲೋ ಬಂದೈತಿ ನೋಡ್ರಿ” ಎಂದಳು. ನಾನು “ಹೂಂ” ಎಂದೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುವುದೋ, ಹಿಂದಿನ ಸೀಟಿನಲ್ಲಿಡುವುದೋ ಎಂದು ನನಗೆ ಯೋಚನೆ.

ತಳಕಲ್ಲಿನ ಮನೆಯಲ್ಲಿ ನಾನು ಎಂದಿನಂತೆ ಕುರ್ಚಿಯ ತುದಿಗೆ ಕೂತೆ. ಅವಳು ಸೀದಾ ಅಡಿಗೆಮನೆಗೆ ಹೋದಳು.

“ಯವ್ವಾ, ಒಬ್ರ ಬಡೀತೀರಿ? ಸರೀರಿ ಅತ್ತಾಗ, ನಾ ಎರಡ ಬಡೀತೀನಿ.”

“ಬ್ಯಾಡ್ರಿ, ಸೀರಿ ಹೊಲಸಾಕ್ಕೈತಿ.”

“ಸೀರಿ ತೊಳದ್ರ ಹೋಗತೈತ್ರಿ. ನಿಮ್ಮ ಒಲಿ ರೊಟ್ಟಿ ಎಲ್ಲಿ ಸಿಗಬೇಕು ನಮಗ? ಗ್ಯಾಸಿನ ರೊಟ್ಟಿ ತಿಂದು ನಾಲಿಗಿ ಸತ್ತಾವು.”

ಇಬ್ಬರೂ ನಕ್ಕರು. ನಾನು ಹೊರಗೆ ಕೂತು ಗೋಡೆಯ ಕ್ಯಾಲೆಂಡರ್ ಓದಿದೆ. ಈ ಮನೆಗೆ ಎಷ್ಟೋ ಸಲ ಬಂದಿದ್ದರೂ ಅವರ ಒಲೆ ಯಾವ ಮೂಲೆಯಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಊಟವಾದ ಮೇಲೆ ಡಾಕ್ಟರ ಸೊಸೆ ಪೆಟ್ಟಿಗೆ ತಂದರು. ನಾನು ಪರ್ಸಿನ ಬಾಯಿ ತೆಗೆದೆ.

“ರೊಕ್ಕ ಒಳಗಿಡ್ರಿ ಅಕ್ಕಾರ,” ಎಂದರು. “ನಮ್ಮ ಅತ್ತಿ ಸಾಯುವಾಗ ಹೇಳ್ಯಾರ. ಮಂದಿಗೆ ಕಣ್ಣು ಕೊಟ್ಟ ಸಾಮಾನು, ಮಾರಬಾರದು, ಮುತ್ತೈದಿ ಉಡಿಯಾಗ ಹಾಕಬೇಕು ಅಂತ. ನೀವು ಬೆಲಿ ಕೇಳಿದಾಗೆಲ್ಲ ನಾ ಏನ ಹೇಳ್ಲಿ? ಅದಕ್ಕ ಸುಮ್ಮಕಿದ್ದೆ.”

ಅರಿಷಿಣ ಕುಂಕುಮದ ಬಟ್ಟಲು ಬಂತು. ನಾನು ಎದ್ದು ಸೆರಗು ಸರಿ ಮಾಡಿಕೊಂಡೆ. ಅವರು ನನಗೆ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಒಂದು ಹಳದಿ ಕಣ ಹಾಕಿದರು. ಸೆರಗು ಹಿಡಿದು ಹಾಗೆಯೇ ನಿಂತೆ. ಅವರು ಪೆಟ್ಟಿಗೆ ಎತ್ತಿಕೊಂಡು ನನ್ನ ನೆಗೆಣ್ಣಿಯ ಕಡೆ ತಿರುಗಿದರು.

“ಬಾರವ್ವ ತಂಗಿ, ಉಡಿ ಹಿಡಿ. ಮೊದಲನೇ ಸಲಾ ನಮ್ಮ ಮನಿಗೆ ಬಂದಿ. ಮೊದಲನೇ ಸಲಾ ಬಂದಾಕಿ ಉಡಿ ಭಾರ ಇರಬೇಕು.”

“ಅಯ್ಯ, ಅಕ್ಕಾರಿಗೆ ಕೊಡ್ರಿ!” ಎಂದಳು ಅವಳು. ಅನ್ನುವಾಗಲೇ ಸೆರಗನ್ನು ಹರಡಿದ್ದಳು.

“ನೀವಿಬ್ರೂ ಒಂದ ಮನಿ ಸೊಸ್ತೇರಲ್ಲ? ಯಾರ ಉಡಿಗೆ ಬಿದ್ದರೇನು, ಒಂದ ಮನಿಗೆ ಹೊಕ್ಕೈತಿ. ಹೌದಿಲ್ರಿ ಅಕ್ಕಾರ?”

“ಹೌದ್ರಿ,” ಎಂದೆ. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದೇ ನಗುತ್ತ ಉತ್ತರ ಹೇಳುವುದನ್ನು.

ಒಬ್ಬಳ ಉಡಿಗೆ ಬಿದ್ದದ್ದನ್ನು ಇನ್ನೊಬ್ಬಳು ಕೇಳುವಂತಿಲ್ಲ. ಅವಳಾದರೂ ದಾಟಿಸುವಂತಿಲ್ಲ. ಕೊಟ್ಟ ಮನೆಗೂ ಒಳ್ಳೆಯದಲ್ಲ, ಇಸಿದುಕೊಂಡವಳಿಗೂ ಒಳ್ಳೆಯದಲ್ಲ. ಆ ಕೆಂಪು ದಾರ ನನ್ನ ಮೂಗಿಗಾಗಿ ಸುತ್ತಿದ್ದು ಎಂದು ಹೇಳಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಪೆಟ್ಟಿಗೆ ಇಳಕಲ್ ಸೆರಗಿನೊಳಗೆ ಇಳಿದಿತ್ತು. ಅವಳು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು.

ವಾಪಸು ಬರುವಾಗ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಗುಂಡಿ ಬಂದಾಗಲೆಲ್ಲ ಗಾಜುಗಳು ಒಳಗೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಹೊಟ್ಟೆಕಿಚ್ಚನ್ನು ಸಿಸ್ಟರ್ ದೊಡ್ಡ ಪಾಪಗಳ ಸಾಲಿನಲ್ಲಿ ಹೇಳಿಕೊಟ್ಟಿದ್ದರು. ಅದು ಹೀಗೆ ಕಾರಿನಲ್ಲಿ ಪಕ್ಕದಲ್ಲೇ ಕೂತು ಬರುತ್ತದೆಂದು ಹೇಳಿರಲಿಲ್ಲ.

“ಅಕ್ಕಾರ, ಹಿಡಿಕಿ ಕಪ್ಪಾಗ್ಯಾವ ನೋಡ್ರಿ. ಹುಣಸಿಹಣ್ಣು ಹಚ್ಚಿದ್ರ ಹೊಳೀತಾವಲ್ಲ?”

“ಅಂಕಿ ಅಳಿಸಿ ಹೊಕ್ಕಾವ. ಹಚ್ಚಬ್ಯಾಡ.”

“ಅಂಕಿ ಯಾರ ನೋಡ್ತಾರ್ರಿ?”

ನಾನು ಕಿಟಕಿಯ ಕಡೆ ತಿರುಗಿದೆ.

ಮನೆಯ ಮುಂದೆ ಇಳಿದಾಗ ಚಹಾ ಕುಡಿದು ಹೋಗು ಎನ್ನಬೇಕಿತ್ತು. ತಲೆನೋವು ಎಂದು ಹೇಳಿ ಒಳಗೆ ಬಂದು ಕದ ಮುಂದೆ ಮಾಡಿದೆ. ತೆಂಗಿನಕಾಯಿಯನ್ನು ದೇವರ ಮುಂದಿಟ್ಟೆ, ಅಕ್ಕಿಯನ್ನು ಡಬ್ಬಿಗೆ ಸುರಿದೆ, ಹಳದಿ ಕಣವನ್ನು ಮಡಿಸಿ ಟ್ರಂಕಿನಲ್ಲಿಟ್ಟೆ. ಕಾರು ಹೊರಡುವ ಸದ್ದು ಕೇಳುವವರೆಗೆ ಅಲಮಾರಿಯ ಕಡೆ ನೋಡಬಾರದು ಎಂದುಕೊಂಡೆ. ಆ ಸದ್ದು ಬಹಳ ಹೊತ್ತು ಬರಲಿಲ್ಲ. ಕೊನೆಗೆ ಹೋಗಿ ಕಣ್ಣು ತೊಳೆಯುವ ನೀಲಿ ಬಟ್ಟಲನ್ನು ಮೇಲಿನ ಅರೆಯ ಖಾಲಿ ಜಾಗಕ್ಕೆ ಸರಿಸಿ ನೋಡಿದೆ. ಅಷ್ಟು ಜಾಗದಲ್ಲಿ ಅದು ತವರಿಲ್ಲದ ಹುಡುಗಿಯಂತೆ ಕಂಡಿತು. ಮತ್ತೆ ಕೆಳಗಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದರು. ಮೊಸರು ಹಾಕಿಸಿಕೊಂಡು, ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟುತ್ತ ಅಂದರು:

“ನಿಮ್ಮ ನೆಗೆಣ್ಣಿ ಡ್ರೈವರ್ ಚಾ ಕುಡ್ಯಾಕ ಹೋಗಿದ್ನಲ್ರಿ, ಆಕಿ ಕಾರಿನ್ಯಾಗ ಕುಂತು ಆ ಗಾಜೆಲ್ಲಾ ಕಣ್ಣಿಗೆ ಹಚಗೊಂಡು ಹಚಗೊಂಡು ನೋಡಿದ್ಲು. ಒಂದರಾಗೂ ನೆಟ್ಟಗ ಕಾಣವಲ್ದು ಅಂತ ನನ್ನ ಮುಂದ ಅಂದ್ಲು. ಅಂಥಾದ್ದನ್ನ ಯಾರರ ಉಡಿಯಾಗ ಹಾಕ್ತಾರೇನ್ರಿ, ಪಾಪ!”