ಮಳೆ ಕಮ್ಮಿ ಎಂದು ಬರೆದವನು

ನನಗೆ ನೆಗಡಿಯಾಗಿದೆ ಎಂದು ನನ್ನ ಹೆಂಡತಿ ಕರ್ಚೀಫಿಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ಕೊಟ್ಟಳು. ಮೂಗಿನ ಹತ್ತಿರ ತಂದದ್ದೇ ತಡ, ಕರ್ಚೀಫನ್ನು ಆಚೆಗೆಸೆದೆ. ಊರಿಗೆಲ್ಲ ಔಷಧಿಯಾದ ವಾಸನೆ ನನಗೆ ಮಾತ್ರ ವಾಕರಿಕೆ ತರಿಸುತ್ತದೆ. ಅದರ ಹಿಂದೆಯೇ ಟೇಕಲ್ ಕಡೆಯ ಒಂದು ಬೆಟ್ಟದ ಬುಡ, ಒಣಗಿದ ತೊರೆ, ಅದರಲ್ಲಿ ಬರಿಗಾಲಲ್ಲಿ ಮುಂದೆ ನಡೆಯುತ್ತಿದ್ದ ಆ ಮುದುಕ...

ಅವರು ಆ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವರ ಮನೆತನದ ಕೆಲಸ. ತೂಬು ಎತ್ತುವಷ್ಟು ನೀರು ಕೆರೆಗೆ ಬಂದು ವರ್ಷಗಳಾಗಿದ್ದರೂ ಆ ತಾತ ಕೆಲಸ ಬಿಟ್ಟಿರಲಿಲ್ಲ. ನಾನಾಗ ಜಲಾನಯನ ಯೋಜನೆಯೊಂದರಲ್ಲಿ ಸರ್ವೆ ಮಾಡುತ್ತಿದ್ದೆ. ಬೆಟ್ಟದಿಂದ ಇಳಿಯುವ ತೊರೆ ಯಾಕೆ ನಿಂತಿತು ಎಂದು ವರದಿ ಕೊಡುವುದು ನನ್ನ ಪಾಲಿಗೆ ಬಂದಿತ್ತು. ತೊರೆಗೆ ಅಡ್ಡವಾದದ್ದನ್ನು ವರದಿಯಲ್ಲಿ ತೋರಿಸಿದರೆ ಅದನ್ನು ತೆಗೆಸುತ್ತಾರೆ. ಮಳೆಯೇ ಇಲ್ಲವೆಂದರೆ ಕೆರೆಯನ್ನೇ ಸರ್ಕಾರದ ಕೆರೆಗಳ ಪಟ್ಟಿಯಿಂದ ತೆಗೆಯುತ್ತಾರೆ. ಇದು ತಾತನಿಗೂ ಗೊತ್ತಿತ್ತು.

ಅವರ ಹತ್ತಿರ ಒಂದು ಹೊಂಗೆ ಕೋಲಿತ್ತು. ಬೆಟ್ಟದ ಮೇಲೆ ಹದವಾದ ಮಳೆ ಬಿದ್ದಾಗಲೆಲ್ಲ ಒಂದು ಮಗ್ಗುಲಿಗೆ ಕುಡುಗೋಲಿನಿಂದ ಕಚ್ಚು ಹಾಕುತ್ತಿದ್ದರು. ತೊರೆ ಹರಿದು ಕೆರೆ ಮುಟ್ಟಿದರೆ ಇನ್ನೊಂದು ಮಗ್ಗುಲಿಗೆ. ವರ್ಷಕ್ಕೊಂದು ಕೋಲು. ಹಳೆಯ ಕೋಲುಗಳಲ್ಲಿ ಎರಡೂ ಕಡೆ ಕಚ್ಚುಗಳು ಜೋಡಿಯಾಗಿದ್ದವು. ಆ ವರ್ಷದ ಕೋಲನ್ನು ತಿರುಗಿಸಿ ನನ್ನ ಕೈಗಿಟ್ಟರು. ಒಂದು ಕಡೆ ಸಾಲುಸಾಲು ಕಚ್ಚು, ಇನ್ನೊಂದು ಕಡೆ ನುಣ್ಣಗೆ ಸಿಪ್ಪೆ.

"ಮಳೆ ಬಂದದೆ ಸಾರ್, ನೀರು ಬಂದಿಲ್ಲ. ಇದೊಂದು ಮಾತು ಬರ್ಕೊಳಿ ಸಾಕು" ಎಂದರು.

ಆಮೇಲೆ ಇಡೀ ದಿನ ತೊರೆಯುದ್ದಕ್ಕೂ ನಡೆಸಿದರು. ಬೆಟ್ಟದ ಬುಡವನ್ನೇ ಮುಚ್ಚಿಕೊಂಡು ನೆಲದ ನೀರು ಹೀರುವ ನೀಲಗಿರಿ ತೋಪು, ಅದರಡಿ ಮೂಗಿಗೆ ಹೊಡೆಯುವ ಒಣ ಎಲೆ. ನೀರು ತಮಗೇ ಹಿಡಿದುಕೊಳ್ಳಲು ತೊರೆಯ ಎದೆಗೇ ಅಗೆದು ಪ್ಲಾಸ್ಟಿಕ್ ಹಾಸಿದ ಹೊಂಡಗಳು. ಅದರಲ್ಲೊಂದು ಪಂಚಾಯಿತಿಯ ದೊಡ್ಡ ಮನುಷ್ಯನದು. ಕೊಳೆತ ನೀರಿನಲ್ಲಿ ಸತ್ತ ನಾಯಿಯೊಂದು ಊದಿಕೊಂಡು ತೇಲುತ್ತಿತ್ತು. ತಾತ ಬೈಯಲಿಲ್ಲ. ಅಲ್ಲೇ ಕೂತು ಕಾಲಿನ ಮುಳ್ಳು ಕೀಳುತ್ತಾ, "ಎಲ್ಲಾ ನಮ್ಮೋರೇ ಸಾರ್..." ಎಂದರು. ನಾನು ಒಂದೊಂದನ್ನೂ ಗುರುತು ಹಾಕಿಕೊಂಡೆ. ಬರೆಯುತ್ತೇನೆ ತಾತ ಎಂದು ಮಾತೂ ಕೊಟ್ಟೆ.

ನನ್ನ ಸಾಹೇಬರು ನಕ್ಷೆ ನೋಡಿ ನಕ್ಕರು. "ಹೊಂಡ ಅಂತ ಬರೆದ್ರೆ ಯಾರ ಹೊಂಡ ಅಂತ ಕೇಳ್ತಾರೆ ಕಣ್ರೀ. ಮಳೆ ಕಮ್ಮಿ ಅಂತ ಹಾಕಿ. ಮಳೆ ಬಂದು ಕಂಪ್ಲೇಂಟ್ ಕೊಡಲ್ಲ."

ಹವಾಮಾನ ಬದಲಾವಣೆ ಎಂಬ ಭಾರದ ಮಾತನ್ನೂ ಅವರೇ ಸೇರಿಸಿದರು. ಹವಾಮಾನ ಕೆಟ್ಟಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಹೇಸಿಗೆಯನ್ನೆಲ್ಲ ಆಕಾಶದ ಮೇಲೆ ಒರೆಸಿ ಕೈ ತೊಳೆದುಕೊಂಡೆವಲ್ಲ, ಅದು ಅಸಹ್ಯ. ನನ್ನದು ಟೆಂಪರರಿ ಕೆಲಸ, ಪರ್ಮನೆಂಟ್ ಆಗುವ ಆಸೆ. ಅವರು ಹೇಳಿದಂತೆಯೇ ಬರೆದು ಸಹಿ ಹಾಕಿದೆ. ಕೆಲಸ ಪರ್ಮನೆಂಟೂ ಆಯಿತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಎಣ್ಣೆಯ ವಾಸನೆ ಎರಡು ದಿನ ಬಿಡಲಿಲ್ಲ. ಕೊನೆಗೆ ಮೊನ್ನೆ ಹೋದೆ. ಕೆರೆಯ ಅಂಗಳದಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದಾರೆ. ತೂಬಿನ ಬಾಯಿಗೆ ಕೋಳಿ ಅಂಗಡಿಯ ಪುಕ್ಕ, ಕರುಳು ತಂದು ಸುರಿದಿದ್ದಾರೆ. ಮೂಗು ಮುಚ್ಚಿಕೊಂಡು ದಾಟಿದೆ.

ತಾತ ಹೋಗಿ ಮೂರು ವರ್ಷವಾಯಿತಂತೆ. ಅವರ ಸೊಸೆ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹಿಂದೆ ತೊರೆ ಸರ್ವೆಗೆ ಬಂದಿದ್ದೆ ಎಂದೆ. ಆಕೆ ಗಡಬಡಿಸಿ ಎದ್ದು, ಸೆರಗಿನಿಂದ ಕುರ್ಚಿ ಒರೆಸಿ ಹಾಕಿದರು.

"ನೀವೇನಾ ಸಾರ್? ನಮ್ಮ ಮಾವ ಸಾಯೋ ಗಂಟ ನಿಮ್ಮ ಮಾತೇ. ಆ ಸಾರ್ ನಿಜ ಬರ್ದವ್ರೆ, ಮೇಲ್ನೋರೇ ಹರಿದು ಹಾಕವ್ರೆ ಅಂತಿದ್ರು. ನಿಮ್ಮನ್ನ ಯಾರಾನಾ ಅಂದ್ರೆ ಜಗಳಕ್ಕೇ ಹೋಗೋರು..."

ಇಲ್ಲಮ್ಮಾ, ನಾನು ನಿಜ ಬರೆಯಲೇ ಇಲ್ಲ ಎನ್ನಬೇಕಿತ್ತು. ಆಕೆ ಕೊಟ್ಟ ಟೀ ಕುಡಿದು, ಆಕೆ ಕೈಮುಗಿದಾಗ ನಾನೂ ಕೈಮುಗಿದು ಎದ್ದು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.