ಹೋಯಾ ಬಳ್ಳಿಯ ಮೊಗ್ಗು

ನೋಯ್ಡಾದ ಈ ಫ್ಲ್ಯಾಟಿನಲ್ಲಿ ನನಗಿಂತ ಮೊದಲು ಬಾಡಿಗೆಗಿದ್ದವರು ಮೈಸೂರಿನ ಒಬ್ಬ ಟೀಚರ್. ನಾನು ಮನೆ ನೋಡಲು ಹೋದ ಮೂರು ಸಲವೂ ಅವರು ಕಿಟಕಿಯಿಂದ ಇಳಿಬಿದ್ದಿದ್ದ ಹೋಯಾ ಬಳ್ಳಿಯ ಕುಂಡದಲ್ಲಿ ಬೆರಳಿಟ್ಟು ಮಣ್ಣಿನ ಪಸೆ ನೋಡುತ್ತಿದ್ದರು. ‘ಅವಸರ ಮಾಡಬಾರದು’ ಎನ್ನುತ್ತಿದ್ದರು. ಹೇಳಿದ್ದು ನನಗೋ ಬಳ್ಳಿಗೋ ತಿಳಿಯುತ್ತಿರಲಿಲ್ಲ.

ಆರು ವರ್ಷ ಹೂವನ್ನೇ ಬಿಡದ ಬಳ್ಳಿ, ಅವರು ಮನೆ ಖಾಲಿ ಮಾಡುವ ವಾರ ಮೊಗ್ಗು ಕಟ್ಟಿತು. ಸಾಮಾನೆಲ್ಲ ಲಾರಿ ಏರಿದ ಮೇಲೆ ಕೂಲಿಯವನು ಕುಂಡಕ್ಕೆ ಕೈ ಹಾಕಿದ. ‘ರಹನೇ ದೋ ಭಯ್ಯಾ’ ಎಂದರು. ನನ್ನತ್ತ ತಿರುಗಿ, ‘ಕದಲಿಸಿದರೆ ಮೊಗ್ಗು ಉದುರುತ್ತೆ. ಇಲ್ಲೇ ಇರಲಿ, ನೀರು ಕಡಿಮೆ ಹಾಕಿ’ ಎಂದು ಬೀಗದಕೈ ಕೊಟ್ಟು ಹೊರಟರು.

ಹನ್ನೆರಡನೇ ದಿನ ಹೂ ಅರಳಿತು. ಫೋಟೋ ಕಳಿಸಿದೆ. ಕೂಡಲೇ ಅವರ ಫೋನ್ ಬಂತು.

‘ನೋಡಿದೆ. ಪರಿಮಳ ಹೇಗಿದೆ, ಅದನ್ನ ಹೇಳಿ.’